ಸುಸ್ತು, ಉಸಿರು ಮತ್ತು ಒಂದು ಹಳೇ ಆಟ

"ಆಟದಲ್ಲಿ ರೂಮ್ ಮಾಡಿ ಕೂತಿದೀನಿ ಮೇಡಂ. ಕಾಣಿಸ್ತಿಲ್ವಾ?"

"ಇಲ್ಲ."

"ಸರಿಯಾಗಿ ನೋಡಿ. ಕೋಟೆ ಚಿತ್ರ ಇದೆಯಲ್ಲ, ಅದರ ಕೆಳಗೆ ಉದ್ದಕ್ಕೆ ಹೆಸರುಗಳಿರ್ತವೆ."

"ಲೋಕದವರ ಹೆಸರೆಲ್ಲ ಇದೆ. ನಿಮ್ಮದೊಂದೇ ಇಲ್ಲ."

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವಳು ಲ್ಯಾಪ್‌ಟಾಪಿನ ಮೇಲೆ ಬಾಗಿದ್ದಳು. ಹಾಗೆ ಕತ್ತು ವಾಲಿಸಿ ಮಾತಾಡಬೇಡಿ ಎಂದು ವಾರದ ಆರೂ ದಿನ ಕಂಡವರಿಗೆಲ್ಲ ಬುದ್ಧಿ ಹೇಳುವುದೇ ಅವಳ ಕೆಲಸ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಊರವರ ಮಂಡಿ, ಬೆನ್ನು, ಭುಜಗಳನ್ನು ಸರಿ ಮಾಡಿ ಮನೆಗೆ ಬರುವಷ್ಟರಲ್ಲಿ ತನ್ನ ಮೈ ತನ್ನ ಮಾತು ಕೇಳುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಭಾನುವಾರವೆಂದರೆ ಅವಳಿಗೆ ಬಿಸಿನೀರಿನ ಚೀಲ ಮತ್ತು ದಿಂಬು, ಅಷ್ಟೇ.

ಈ ಭಾನುವಾರ ಮಾತ್ರ ತಲೆ ಬಾಚಿಕೊಂಡು ಕೂತಿದ್ದಳು. ಫೋನಿನ ಆಚೆಗಿರುವವನಿಗೆ ತಲೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ಬಾಚಿಕೊಂಡಿದ್ದಳು.

ಆಚೆಗಿದ್ದವನು ಅದೇ ಆಸ್ಪತ್ರೆಯ ಹಳೇ ಕಟ್ಟಡದಲ್ಲಿ ಎಕ್ಸ್-ರೇ ತೆಗೆಯುವವನು. "ಉಸಿರು ಬಿಗಿ ಹಿಡೀರಿ, ಹಾಂ, ಈಗ ಬಿಡಿ" ಎಂದು ಬೆಳಗಿನಿಂದ ಸಂಜೆವರೆಗೆ ಅದೊಂದೇ ಮಾತು ಹೇಳಿ ಹೇಳಿ ಎಲ್ಲರ ಬಾಯಲ್ಲಿ ಉಸಿರಣ್ಣ ಆಗಿಬಿಟ್ಟಿದ್ದ. ನರ್ಸುಗಳು, ವಾರ್ಡಿನವರು, ಕೊನೆಗೆ ದೊಡ್ಡ ಡಾಕ್ಟರೂ ಉಸಿರಣ್ಣ ಎಂದೇ ಕರೆಯುತ್ತಿದ್ದರು. ಇವಳು ಮಾತ್ರ ಅಪ್ಪಿತಪ್ಪಿಯೂ ಅಣ್ಣ ಎಂದವಳಲ್ಲ. "ರೀ" ಎನ್ನುತ್ತಿದ್ದಳು, ಇಲ್ಲವೆಂದರೆ ಸುಮ್ಮನೆ ಎದುರಿಗೆ ಹೋಗಿ ನಿಲ್ಲುತ್ತಿದ್ದಳು. ಆಸ್ಪತ್ರೆಯಲ್ಲಿ ಅಷ್ಟೊಂದು ಜನ ಇದ್ದರೂ ಇದನ್ನು ಯಾರೂ ಗಮನಿಸಿರಲಿಲ್ಲ. ಗಮನಿಸಬೇಕಾದವನಂತೂ ಗಮನಿಸಿರಲೇ ಇಲ್ಲ.

ಸಂಜೆಯ ಟೀ ಮಾತ್ರ ಇಬ್ಬರೂ ಒಟ್ಟಿಗೆ ಕುಡಿಯುತ್ತಿದ್ದರು. ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜು. ಅವಳು ದಣಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದರೆ ಅವನು ಲೋಟದ ಅಂಚಿನ ಮೇಲಿಂದ ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಅವಸರವಾಗಿ ಟೀ ಗುಟುಕರಿಸಿ ನಾಲಿಗೆ ಸುಟ್ಟುಕೊಳ್ಳುತ್ತಿದ್ದ. "ಯಾರೂ ಕಿತ್ಕೊಳ್ಳಲ್ಲ, ನಿಧಾನಕ್ಕೆ ಕುಡೀರಿ" ಎಂದು ಅವಳು ನಗುತ್ತಿದ್ದಳು. ಎರಡು ವರ್ಷ ಇಷ್ಟೇ ನಡೆದದ್ದು.

ಆಮೇಲೆ ಅವಳನ್ನು ಊರಿನ ಇನ್ನೊಂದು ತುದಿಯ ಹೊಸ ಬ್ರಾಂಚಿಗೆ ಹಾಕಿದರು. ಕೊನೆಯ ದಿನ ಅವನು ಸಕ್ಕರೆಯೇ ಹಾಕದ ಟೀಯನ್ನು ಚಮಚದಿಂದ ತಿರುವುತ್ತಾ ಕೂತ. ಏನೋ ಹೇಳಲು ಬಾಯಿ ತೆರೆದ. ಅವಳು ಲೋಟ ಕೆಳಗಿಟ್ಟಳು.

"ನೀವು ಚಿಕ್ಕಂದಿನಲ್ಲಿ ಅಕ್ಕನ ಜೊತೆ ಜಗಳ ಆಡ್ಕೊಂಡು ಆ ಕೋಟೆ ಕಟ್ಟೋ ಕಂಪ್ಯೂಟರ್ ಆಟ ಆಡ್ತಿದ್ದೆ ಅಂದಿದ್ರಲ್ಲ, ಅದು ಮತ್ತೆ ಬಂದಿದೆಯಂತೆ. ಆನ್‌ಲೈನಲ್ಲಿ ಇಬ್ಬರು ಆಡ್ಬಹುದಂತೆ. ಭಾನುವಾರ ಆಡೋಣ್ವಾ?"

ಅವಳಿಗೆ ನಗಬೇಕೋ ಲೋಟ ಎತ್ತಿ ಕುಕ್ಕಬೇಕೋ ತಿಳಿಯಲಿಲ್ಲ. ಬೇಕಾಗಿದ್ದ ಮಾತು ಬೇರೆಯೇ ಇತ್ತು. ಆದರೂ ಹೂಂ ಅಂದಳು.

ಹಾಗೆ ಶುರುವಾಯಿತು. ಮೊದಲು ಅಕೌಂಟ್ ತೆರೆಯಬೇಕು, ಹೆಸರು ಕೊಡಬೇಕು. ಅವನು ಉಸಿರು ಎಂದು ಕೊಟ್ಟ. ಅವಳಿಗೆ ಏನೂ ಹೊಳೆಯದೆ ಸುಸ್ತು ಎಂದು ಕೊಟ್ಟಳು. ಆಟ ತಕರಾರಿಲ್ಲದೆ ಒಪ್ಪಿಕೊಂಡಿತು.

"ಈ ಹೆಸರು ಇದುವರೆಗೂ ಯಾರೂ ತಗೊಂಡೇ ಇಲ್ವಂತೆ ಕಣ್ರೀ. ಲೋಕದಲ್ಲಿ ನಾನೊಬ್ಬಳೇನಾ ಸುಸ್ತಾಗಿರೋದು?"

"ಉಳಿದವರಿಗೆ ಬರೆಯೋಕೂ ಶಕ್ತಿ ಇರಲ್ಲ ಅನ್ಸುತ್ತೆ" ಎಂದ ಅವನು.

ರೂಮ್ ಕಾಣದಿದ್ದುದಕ್ಕೆ ಕಾರಣ ಹುಡುಕುವಷ್ಟರಲ್ಲಿ ಮಧ್ಯಾಹ್ನ ಅರ್ಧ ಕಳೆದಿತ್ತು. ಪರದೆಯ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ವರ್ಷನ್ ನಂಬರ್ ಇರುತ್ತದೆ. ಇಬ್ಬರದೂ ಒಂದೇ ಇರಬೇಕು. ಅವನದು ಹೊಸದು, ಅವಳದು ಹಳೆಯದು. ಅವಳು ಅಪ್‌ಡೇಟ್‌ಗೆ ಒತ್ತಿದಳು. ಪರದೆಯ ಮೇಲೆ ಹಸಿರು ಗೆರೆ ಬಸವನ ಹುಳುವಿನ ಹಾಗೆ ಹೊರಟಿತು.

"ಇಟ್ಟುಬಿಡ್ಲಾ ಫೋನು?" ಎಂದಳು.

"ಇರಲಿ ಬಿಡಿ. ಗೆರೆ ಎಲ್ಲಿಗೆ ಬಂತು ಅಂತ ಆಗಾಗ ಹೇಳ್ತಾ ಇರಿ."

ಆ ದಿನ ಆಟ ಆಡಲೇ ಇಲ್ಲ. ಹೊಸ ಬ್ರಾಂಚಿನ ಲಿಫ್ಟ್, ಕೆಟ್ಟ ಟೀ, ಎಕ್ಸ್-ರೇಗೆ ಬಂದು ಉಸಿರು ಬಿಡುವುದನ್ನೇ ಮರೆತ ಅಜ್ಜ, ಎಲ್ಲವನ್ನೂ ಮಾತಾಡಿದರು. ಗೆರೆ ತುಂಬಿದಾಗ ಅವಳಿಗೆ ಬೇಸರವಾಯಿತು. ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಮ್ಮ ಕಣ್ಣು ತೆರೆಯದೆಯೇ, "ಇದೇನೇ ಆಟ, ಬರೀ ಬಾಯಲ್ಲೇ ಆಡ್ತೀರಲ್ಲ" ಎಂದಳು.

ಮುಂದಿನ ಭಾನುವಾರ ನಿಜವಾಗಿ ಆಡಿದರು. ಇಬ್ಬರೂ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ ಎಂದು ಮಾತಾಗಿತ್ತು. ಅವಳು ಹೊಲ ಮಾಡಿಸಿದಳು, ಕಣಜ ಕಟ್ಟಿಸಿದಳು, ಇನ್ನೇನು ಗೋಡೆ ಏಳಿಸಬೇಕು ಎನ್ನುವಷ್ಟರಲ್ಲಿ ನೀಲಿ ಅಂಗಿಯ ಬಿಲ್ಲುಗಾರರು ಬಂದು ಕಣಜಕ್ಕೆ ಬೆಂಕಿಯಿಟ್ಟರು. ನೀಲಿ ಅವನ ಬಣ್ಣ. ಅವಳ ಸೈನಿಕರು ಕೈಕಟ್ಟಿಕೊಂಡು ನೋಡುತ್ತಿದ್ದರು.

"ಏನ್ರೀ ಇದು! ನನ್ನ ಕಣಜ ಸುಡ್ತಿದೀರಿ!"

"ಅಯ್ಯೋ, ನಾನಲ್ಲ ಮೇಡಂ! ನಾನಿಲ್ಲಿ ಮರ ಕಡಿಸ್ತಾ ಇದೀನಿ. ಹುಡುಗರೇ ಹೋಗಿದ್ದಾರೆ."

"ನಿಮ್ಮ ಹುಡುಗರಿಗೆ ಸ್ವಲ್ಪ ಬುದ್ಧಿ ಹೇಳ್ಬಾರ್ದಾ?"

"ಹೇಳ್ತಾನೇ ಇದೀನಿ. ಎಷ್ಟು ಹಿಂದಕ್ಕೆ ಕರೆದ್ರೂ ಮತ್ತೆ ನಿಮ್ಮ ಕಡೆಗೇ ಓಡ್ತಾರೆ."

ಹೇಳಿದ ಮೇಲೆ ಅವನಿಗೂ ಏನೋ ಅನ್ನಿಸಿರಬೇಕು, ಕೆಮ್ಮಿದ. ಅವಳ ಕಿವಿ ಬಿಸಿಯಾಯಿತು.

ಹುಡುಕಿ ನೋಡಿದರೆ ತಪ್ಪು ಗೊತ್ತಾಯಿತು. ಈ ಆಟದಲ್ಲಿ ಶುರುವಿಗೆ ಎಲ್ಲರೂ ಎಲ್ಲರಿಗೂ ಶತ್ರುಗಳು. ಒಂದು ಮೂಲೆಯಲ್ಲಿ ಬಾವುಟದ ಗುರುತು ಇದೆ, ಅಲ್ಲಿಗೆ ಹೋಗಿ ಇವರು ನನ್ನವರು ಎಂದು ಒತ್ತಬೇಕು. ಅವಳು ಒತ್ತಿದ್ದಳು, ಆದ್ದರಿಂದ ಅವಳ ಸೈನಿಕರು ಅವನವರ ಮೇಲೆ ಕೈಯೆತ್ತಲಿಲ್ಲ. ಅವನು ಒತ್ತಿರಲಿಲ್ಲ.

"ನೀವು ಯಾವಾಗ ಒತ್ತಿದ್ರಿ?" ಎಂದು ಕೇಳಿದ.

"ಶುರುವಿನಲ್ಲೇ."

"ನಂಗೆ ಗೊತ್ತೇ ಆಗ್ಲಿಲ್ಲ."

"ಗೊತ್ತಾಗೋ ಹಾಗೆ ಅದು ಏನೂ ತೋರಿಸಲ್ಲ ಕಣ್ರೀ."

ಫೋನಿನಲ್ಲಿ ಅವನ ಫ್ಯಾನಿನ ಸದ್ದು ಕೇಳುತ್ತಿತ್ತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವಳು ಕಾದಳು. "ಸರಿ, ಈಗ ಒತ್ತಿದೆ" ಎಂದ ಅವನು, "ಕಣಜಕ್ಕೆ ಮರ ಕಳಿಸ್ಲಾ?" ಎಂದ. ಅವಳು ಕಳಿಸಿ ಎಂದಳು.

ಅದೇ ವಾರ ಅಕ್ಕ ಫೋನ್ ಮಾಡಿದಳು. ಭಾವನ ಆಫೀಸಿನಲ್ಲಿ ಒಬ್ಬರಿದ್ದಾರೆ, ಬರುವ ಭಾನುವಾರವಾದ ಮೇಲಿನ ಭಾನುವಾರ ಮನೆಗೆ ಬಂದು ಮಾತಾಡುತ್ತಾರಂತೆ.

"ಒಳ್ಳೇ ಮನುಷ್ಯ ಕಣೇ. ಜೋರಾಗಿ ಮಾತಾಡಲ್ಲ, ಟೈಮಿಗೆ ಸರಿಯಾಗಿ ಮನೆಗೆ ಬರ್ತಾನೆ, ಕೆಟ್ಟು ನಿಂತಿದ್ದೇ ಇಲ್ಲ."

"ಮನುಷ್ಯನೋ ಗಡಿಯಾರನೋ?"

"ನೀನು ಹಿಂಗೇ ತಮಾಷೆ ಮಾಡ್ತಾ ಮುದುಕಿ ಆಗು. ಯಾರಾದ್ರೂ ಮನಸ್ಸಲ್ಲಿದ್ರೆ ಹೇಳಿಬಿಡು, ಇಲ್ಲಾಂದ್ರೆ ಈ ಭಾನುವಾರ ಸಂಜೆಯೊಳಗೆ ಹೂಂ ಅನ್ನು."

ಅಕ್ಕನದೇನೂ ತಪ್ಪಿರಲಿಲ್ಲ. ಇವಳಿಗೂ ಸಾಕಾಗಿತ್ತು. ಕಾಯುವುದು ಕೂಡ ಒಂದು ಕೆಲಸವೇ, ಅದಕ್ಕೆ ಭಾನುವಾರದ ರಜೆಯೂ ಇಲ್ಲ. ಅವನಿಗೆ ವಿಷಯ ಹೇಳಿಬಿಡುತ್ತೇನೆ ಎಂದುಕೊಂಡಳು. ಅವನು ಬೇಡ ಎಂದು ಒಂದು ಮಾತು ಅಂದರೆ ಅಕ್ಕನಿಗೆ ಆಗುವುದಿಲ್ಲ ಎನ್ನುತ್ತೇನೆ. ಅನ್ನದಿದ್ದರೆ ಹೂಂ ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು.

ಭಾನುವಾರ ಆಟ ಚೆನ್ನಾಗಿ ನಡೆದಿತ್ತು. ಅವನ ಊರು, ಅವಳ ಊರು, ನಡುವೆ ಒಂದೇ ಗೋಡೆ. ಅವಳು ಬೆಳಗಿನಿಂದ ಬಾಯಿಪಾಠ ಮಾಡಿದ್ದನ್ನು ಮೌಸ್ ಬಿಡದೆಯೇ ಹೇಳಿದಳು.

"ಮುಂದಿನ ವಾರ ನಾನು ಆಡೋಕೆ ಆಗಲ್ಲ. ಅಕ್ಕ ಒಬ್ಬರನ್ನ ಕರ್ಕೊಂಡು ಬರ್ತಿದ್ದಾಳೆ. ನನ್ನ ನೋಡೋಕೆ."

ಅವನ ಆಳುಗಳೆಲ್ಲ ಮರದ ಬುಡದಲ್ಲಿ ಸುಮ್ಮನೆ ನಿಂತುಬಿಟ್ಟರು.

"ಓ," ಎಂದ. ಆಮೇಲೆ, "ಒಳ್ಳೆಯವರಾ?" ಎಂದ.

"ಅಂತೆ."

"ಹಂಗಾದ್ರೆ..." ಎಂದವನು ಫೋನ್ ಇಟ್ಟುಬಿಟ್ಟ.

ಪರದೆಯ ಮೇಲೆ ಒಂದು ಸಾಲು ಬಂತು. ಉಸಿರು ಸೋಲೊಪ್ಪಿಕೊಂಡಿದ್ದಾರೆ ಎಂಬುದು ಅದರ ಅರ್ಥ. ಅವಳು ಓದಿ ಮುಗಿಸುವ ಮೊದಲೇ ಗೋಡೆಯಾಚೆ ಅವನ ಮನೆಗಳು, ಗಿರಣಿ, ಕೋಟೆ ಎಲ್ಲ ಧೂಳೆಬ್ಬಿಸಿ ಕುಸಿದವು. ನೀಲಿ ಅಂಗಿಯವರು ಇದ್ದಲ್ಲೇ ಬಿದ್ದರು. ಅವನ ಊರಿದ್ದ ಕಡೆ ಬರೀ ಹುಲ್ಲು ಉಳಿಯಿತು.

ಅವಳು ಫೋನ್ ಮಾಡಿದಳು. ರಿಂಗಾಗಿ ಆಗಿ ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ.

ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳಬೇಕು ಅವನು? ಅವಳಿಗೆ ಅಳು ಬಂತು. ಎಷ್ಟು ದಣಿದಿದ್ದಳೆಂದರೆ ಅದನ್ನೂ ನೆಟ್ಟಗೆ ಅಳಲಾಗಲಿಲ್ಲ, ಕಣ್ಣು ತಾನಾಗಿ ಸೋರಿತು. ಅಕ್ಕನ ನಂಬರ್ ಒತ್ತಿ ಹೂಂ ಎಂದಳು. ಅಕ್ಕ ಖುಷಿಯಿಂದ ಭಾವನನ್ನು ಕೂಗಿದ್ದು ಕೇಳಿಸಿತು.

"ಏನಾಯ್ತೇ?" ಎಂದಳು ಅಮ್ಮ.

"ಸೋತ್ವಿ."

"ಆಟ ತಾನೇ?"

"ಹೂಂ, ಆಟ."

ಅಮ್ಮ ಅವಳನ್ನೇ ನೋಡಿದಳು. ಅವಳು ಲ್ಯಾಪ್‌ಟಾಪ್ ಮುಚ್ಚಿ ಹೋಗಿ ಮಲಗಿದಳು.

ಬೆಲ್ ಆದಾಗ ಬಿಸಿಲು ಇಳಿದಿತ್ತು. ಬಾಗಿಲು ತೆರೆದರೆ ಅವನು. ಮಾಸಿದ ಮನೆ ಅಂಗಿ, ಬೆವರಿಳಿಯುವ ಮುಖ, ಒಂದು ಕೈ ಗೋಡೆಗೆ ಊರಿಕೊಂಡು ಏದುಸಿರು ಬಿಡುತ್ತಿದ್ದ.

"ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಅಲ್ಲಿಂದ ನಡ್ಕೊಂಡೇ ಬಂದೆ" ಎಂದ. "ಫೋನು ಮನೇಲೇ ಬಿಟ್ಟುಬಿಟ್ಟಿದೀನಿ."

"ಯಾಕ್ರೀ ಬಂದ್ರಿ? ಸೋತೆ ಅಂತ ಒತ್ತಿ ಹೋದವರು?"

ಅವನು ಬೆಪ್ಪಾಗಿ ನೋಡಿದ. "ಮತ್ತೆ ಹೆಂಗೆ ಎದ್ದು ಬರ್ಲಿ? ಆಟದ ಮಧ್ಯದಿಂದ ಆಚೆ ಬರೋಕೆ ಅದೊಂದೇ ಬಟನ್ ಇದ್ದಿದ್ದು. ಹಂಗೇ ಬಿಟ್ಟು ಬಂದ್ರೆ ನೀವು ಅಲ್ಲಿ ನನಗೋಸ್ಕರ ಕಾಯ್ತಾ ಕೂತಿರ್ತೀರಿ ಅನ್ನಿಸ್ತು."

ಅವಳು ಬಾಗಿಲನ್ನು ಪೂರ್ತಿ ತೆರೆದಳು.

"ಫೋನಲ್ಲಿ ಹೇಳೋ ಮಾತಲ್ಲ, ಅದಕ್ಕೆ ಬಂದೆ. ನೀವಂದ್ರೆ ನಂಗೆ ತುಂಬ ಇಷ್ಟ. ಮೊದಲಿಂದಾನೂ. ನಿಮ್ಮ ಮುಖ ನೋಡಿದಾಗೆಲ್ಲ ಇವರು ಎಷ್ಟು ದಣಿದಿದ್ದಾರೆ, ಇದರ ಮೇಲೆ ನನ್ನದೊಂದು ಭಾರ ಯಾಕೆ ಅಂತ ಸುಮ್ಮನಾಗ್ತಿದ್ದೆ."

"ರೀ, ಭಾರ ಹೆಂಗೆ ಎತ್ತಬೇಕು ಅಂತ ಹೇಳ್ಕೊಡೋದೇ ನನ್ನ ಕೆಲಸ. ಒಂದು ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ? ಈಗ ನೋಡಿ, ನಾನು ಅಕ್ಕಂಗೆ ಹೂಂ ಅಂದುಬಿಟ್ಟಿದೀನಿ."

"ಯಾವಾಗ?"

"ನೀವು ಬಸ್ಸಲ್ಲಿದ್ದಾಗ."

ಗೋಡೆಗೆ ಊರಿದ ಅವನ ಕೈ ಜಾರಿತು. ಅಷ್ಟು ದೂರ ನಡೆದು ಬಂದವನು ಈಗ ಕುಸಿದು ಬೀಳುತ್ತಾನೇನೋ ಎನ್ನಿಸಿ ಅವಳು ಅವನ ಮೊಣಕೈ ಹಿಡಿದಳು. ಹಿಡಿದ ಕೈಯನ್ನು ಬಿಡದೆಯೇ ಇನ್ನೊಂದು ಕೈಯಿಂದ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಅವರು ಬರೋದು ಬೇಡ."

"ಏನೇ ಹಂಗಂದ್ರೆ? ಈಗ ತಾನೇ ಹೂಂ ಅಂದೆ! ಅಷ್ಟರಲ್ಲಿ ಏನಾಯ್ತು?"

"ಮನೆಗೆ ಬಂದಿದ್ದಾರೆ."

"ಯಾರು?"

ಅವಳು ಅವನನ್ನು ನೋಡಿದಳು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ.

"ನಮ್ಮನೆಯವರು" ಎಂದಳು.

ಆ ಕಡೆ ಅಕ್ಕ ಮತ್ತೆ ಭಾವನನ್ನು ಕೂಗಿದಳು. ಈ ಕಡೆ ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ, ಬೆವರಷ್ಟೇ ಅಲ್ಲ. ಒಳಗಿನಿಂದ ಅಮ್ಮನ ದನಿ ಬಂತು.

"ನಿಮ್ಮನೆಯವರನ್ನ ಎಷ್ಟೊತ್ತೇ ಬಾಗಿಲಲ್ಲೇ ನಿಲ್ಲಿಸ್ತೀಯ? ಒಳಗೆ ಕರಿ, ಮೊದಲು ನೀರು ಕೊಡು."

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.