ಸಂದು ಬಿಡಿಸಿದ ನಾಲ್ಕು ಕೈ

"ನನ್ ಗಂಡ ಕಳ್ಳ ಅಲ್ಲ ಕಣವ್ವ. ಆದ್ರೆ ಬಾಯೇ ಬುಡ್ತಾ ಇಲ್ಲ. ನೀನೇ ದಾರಿ ತೋರ್ಸಬೇಕು."

ಬಾಗೂರಿನ ಸುಬ್ಬಮ್ಮ ಮೊದಲ ಬಸ್ಸಿಗೇ ಹೊಳೆನರಸೀಪುರಕ್ಕೆ ಬಂದು ರೇವಮ್ಮನವರ ಜಗಲಿಯ ಮೇಲೆ ಕುಸಿದು ಕೂತಿದ್ದಳು. ರೇವಮ್ಮ ಹೆಡ್ ಕಾನ್‌ಸ್ಟೇಬಲ್ ಕೆಲಸದಿಂದ ನಿವೃತ್ತರಾಗಿದ್ದರೂ ಊರು ಅವರನ್ನು ಬಿಟ್ಟಿರಲಿಲ್ಲ. ಕೋಳಿ ಕಳುವಾದರೂ ಜನ ಅವರ ಮನೆಗೇ ಬರುತ್ತಿದ್ದರು. ಅವರ ಅಕ್ಕನ ಮಗಳು ರೂಪಶ್ರೀಗೆ ಎರಡು ಕೆಲಸ: ಸ್ಕೂಟರ್ ಓಡಿಸುವುದು, ಚಿಕ್ಕಮ್ಮನ ಜಾಣತನಕ್ಕೆ ಬಾಯಿ ಬಿಡುವುದು.

ಸುಬ್ಬಮ್ಮನ ಗಂಡ ಚನ್ನಪ್ಪನ ಮೇಲೆ ಕಳ್ಳತನ ಹೊರಿಸಿದ್ದವರು ಅವನ ಜೀವದ ಗೆಳೆಯ ಸಂಪತ್ಕುಮಾರ ಮೇಷ್ಟ್ರು. ಮೀನು ಅಂದರೆ ಮೂಗು ಮುಚ್ಚುವ ಮನೆಯಲ್ಲಿ ಹುಟ್ಟಿಯೂ ಮೇಷ್ಟ್ರಿಗೆ ಹಳೆಯ ಬಿದಿರಿನ ಗಾಳದ ಕೋಲುಗಳ ಹುಚ್ಚು. ಕಾಫಿ ತೋಟದವರ ಅಟ್ಟದಿಂದ ಕೋಲುಗಳನ್ನು ತಂದು, ಹೊಸ ದಾರ ಸುತ್ತಿ, ವಾರ್ನಿಷ್ ಹಚ್ಚಿ, ಚನ್ನಪ್ಪನ ಜೊತೆ ಸೇರಿ ಸರಿಮಾಡುತ್ತಿದ್ದರು. ಹಾಗೆ ಸರಿಮಾಡಿದ ಒಂದು ಕೋಲನ್ನು ಮಗ ವಂಶಿಯ ಕೈಗೆ ಕೊಟ್ಟರು. ಹೋದ ಮಳೆಗಾಲದಲ್ಲಿ ವಂಶಿ ಹೇಮಾವತಿಯಲ್ಲಿ ಮುಳುಗಿಹೋದ.

ಹೆಣದ ಜೊತೆ ಕೋಲೂ ಸಿಕ್ಕಿತು. ಬುಡದ ತುಂಡನ್ನೂ ತುದಿಯ ತುಂಡನ್ನೂ ಸೇರಿಸುವ ಹಿತ್ತಾಳೆ ಕೊಳವೆಗಳು ಮರಳು ಹೊಕ್ಕು ಒಂದರೊಳಗೊಂದು ಕಚ್ಚಿಕೊಂಡಿದ್ದವು. ಅಂದಿನಿಂದ ಮೇಷ್ಟ್ರಿಗೆ ಆ ಸಂದು ಬಿಡಿಸುವುದೊಂದೇ ಧ್ಯಾನ. ಚನ್ನಪ್ಪ ಮಾತ್ರ ಕೈನೋವು, ಗದ್ದೆ ಕೆಲಸ ಅಂತ ನೆಪ ಹೇಳುತ್ತಲೇ ಬಂದ. ಕೊನೆಗೆ ಮೇಷ್ಟ್ರು ಬೇಸತ್ತು ಲೇತ್ ಕೆಲಸದವನೊಬ್ಬನನ್ನು ವಿಚಾರಿಸಲು ಹಾಸನಕ್ಕೆ ಹೋದರು. ಆವತ್ತು ಚನ್ನಪ್ಪ ಮನೆಗೆ ಬಂದು ಹೋಗಿದ್ದ. ಮೇಷ್ಟ್ರು ವಾಪಸಾದಾಗ ಮೇಜಿನ ಮೇಲೆ ಬುಡದ ತುಂಡು ಮಾತ್ರ ಇತ್ತು, ತುದಿ ಮಾಯವಾಗಿತ್ತು.

"ನಾಳೆ ಸ್ಟೇಷನ್‌ಗೆ ಕಂಪ್ಲೇಂಟ್ ಕೊಡ್ತಾರಂತೆ," ಎಂದು ಸುಬ್ಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ರೇವಮ್ಮ ರೂಪಶ್ರೀಯ ಸ್ಕೂಟರಿನಲ್ಲಿ ಮೇಷ್ಟ್ರ ಮನೆಗೆ ಹೋಗಿ ಉಳಿದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಿದಿರು ಸೀಳಿರಲಿಲ್ಲ, ದಾರ ಕಾವಿಗೆ ಕಂದಿರಲಿಲ್ಲ, ಹಿತ್ತಾಳೆಯ ಮೇಲೆ ಇಕ್ಕಳದ ಒಂದು ಗೀರೂ ಇರಲಿಲ್ಲ.

"ಕಚ್ಚಿಕೊಂಡಿದ್ದನ್ನ ಹೇಗೆ ಬಿಡಿಸ್ತಾರೆ ಮೇಷ್ಟ್ರೇ?"

"ತಿರುಚಿದ್ರೆ ಬಿದಿರು ಹಾಳು. ಇಬ್ಬರು ಎದುರುಬದುರು ನಿಂತ್ಕೋಬೇಕು. ಒಬ್ಬೊಬ್ಬರೂ ಸಂದಿನ ಆಚೆ ಒಂದು ಕೈ, ಈಚೆ ಒಂದು ಕೈ ಹಿಡಿದು ಒಟ್ಟಿಗೆ ನೇರಕ್ಕೆ ಎಳೀಬೇಕು. ನಾನೂ ಆ ಕಳ್ಳನೂ ಎಷ್ಟು ಕೋಲು ಹಾಗೇ ಬಿಡಿಸಿದೀವಿ!"

ನೀರು ಕುಡಿಯಲು ಒಳಗೆ ಹೋದ ರೂಪಶ್ರೀಯ ತಲೆ ನಡುಮನೆಯಲ್ಲಿ ಬಟ್ಟೆ ಒಣಹಾಕುವ ಬಿದಿರ ಗಳುವಿನ ಮೇಲೆ ಹರವಿದ್ದ ಸೀರೆಗೆ ತಗುಲುವುದರಲ್ಲಿತ್ತು. "ಮುಟ್ಟಬೇಡಮ್ಮ, ಮಡಿ!" ಎಂದು ಮೇಷ್ಟ್ರ ಹೆಂಡತಿ ಶ್ರೀಗೌರಿ ಚೀರಿದರು. ಎದುರುಮನೆಯ ಕಾವೇರಮ್ಮನನ್ನು ಕೇಳಿದರೆ, ಚನ್ನಪ್ಪ ಆವತ್ತು ಕೈಬೀಸಿಕೊಂಡು ಹೋದದ್ದನ್ನು ತಾನೇ ಕಂಡೆ ಅಂದಳು.

ಮಾರನೇ ಬೆಳಗ್ಗೆ ರೇವಮ್ಮ ಎಲ್ಲರನ್ನೂ ಮೇಷ್ಟ್ರ ನಡುಮನೆಯಲ್ಲಿ ಕೂರಿಸಿದರು. ಚನ್ನಪ್ಪ ತಲೆ ತಗ್ಗಿಸಿ ಮೂಲೆ ಹಿಡಿದಿದ್ದ. ಚಿಕ್ಕಮ್ಮ ಇನ್ನೇನು ಗೆದ್ದರು ಎಂದು ರೂಪಶ್ರೀಗೆ ಒಳಗೊಳಗೇ ಹಿಗ್ಗು.

"ಈ ಸಂದು ಬಿಡಿಸಿದ್ದು ಒಬ್ಬನಲ್ಲ. ಒಬ್ಬನೇ ಎಳೆದಿದ್ದರೆ ತಿರುಚಿ ಸೀಳಿಹೋಗಿರೋದು, ಇಲ್ಲ ಇಕ್ಕಳದ ಗುರುತು ಬಿದ್ದಿರೋದು," ಎಂದು ರೇವಮ್ಮ ಶುರುಮಾಡಿದರು. "ನಾಲ್ಕು ಕೈ ಸೇರಿದೆ. ಚನ್ನಪ್ಪನ ಜೊತೆ ಆವತ್ತು ಮನೇಲಿ ಇದ್ದವರು ಒಬ್ಬರೇ. ಅವನು ಬರಿಗೈಲಿ ಹೋದ, ಅಂದ್ಮೇಲೆ ತುದಿ ಇಲ್ಲೇ ಇದೆ. ಮೇಷ್ಟ್ರು ಇಡೀ ಮನೆ ಜಾಲಾಡಿರ್ತಾರೆ, ಆದ್ರೆ ಮಡಿಬಟ್ಟೆ ಮುಟ್ಟಿರಲ್ಲ. ಒಣಹಾಕಿದ ಮಡಿಸೀರೆ ಮಾರನೇ ದಿನ ಉಡೋದಕ್ಕೆ. ನಿನ್ನೆ ಗರಿಗರಿ ಒಣಗಿದ್ದ ಸೀರೆ ಇವತ್ತೂ ಗಳುವಿನ ಮೇಲೇ ಇದೆ. ತೆಗೀರಿ ಶ್ರೀಗೌರಿ."

ಶ್ರೀಗೌರಿ ಕದಲಲಿಲ್ಲ. ರೇವಮ್ಮನೇ ಸೀರೆ ಎಳೆದರು. ಗಳುವಿಗೆ ಒತ್ತಿಕೊಂಡು ಮಲಗಿದ್ದ ತೆಳ್ಳನೆಯ ತುದಿ ಜಾರಿ ಮೇಷ್ಟ್ರ ಕಾಲ ಬಳಿ ಬಿತ್ತು.

"ಯಾಕೆ ಹೀಗೆ ಮಾಡಿದ್ರಿ?" ರೇವಮ್ಮ ಕೇಳಿದರು.

"ಕೋಲು ಸರಿಹೋದ ದಿನ ವಂಶಿ ಹೋದ ದಾರೀಲೇ ಹೋಗ್ತೀನಿ ಅಂತ ದೇವರ ಮುಂದೆ ಹೇಳಿದಾರೆ ಇವರು." ಶ್ರೀಗೌರಿಯ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಹಾಸನದವನು ಬಿಡಿಸಿಕೊಟ್ಟೇಬಿಡ್ತಿದ್ದ. ಪೂರ್ತಿ ಕೋಲು ಬಚ್ಚಿಟ್ರೆ ಆಸೆ ಬಿಟ್ಟು ಆವತ್ತೇ ಹೊಳೆಗೆ ಇಳೀತಿದ್ರು. ಅರ್ಧ ಇಲ್ಲ ಅಂದ್ರೆ ಹುಡುಕ್ತಾನಾದ್ರೂ ಬದುಕಿರ್ತಾರೆ ಅಂದ್ಕೊಂಡ್ವಿ."

"ಕದ್ದೋನು ಅಂತ ನನ್ನೆಸ್ರೇ ಯೋಳಿ ಅಂದೋನು ನಾನೇ," ಎಂದ ಚನ್ನಪ್ಪ. "ಕಳ್ಳ ಅಂದ್ರೆ ಅನ್ನಲಿ, ಆಸಾಮಿ ಉಳೀತಾನಲ್ಲ."

ರೇವಮ್ಮನ ಮುಖ ಬಿಳಿಚಿಕೊಂಡಿತು. ಎರಡು ದಿನ ಬೆರಗಾಗಿ ಚಿಕ್ಕಮ್ಮನ ಹಿಂದೆ ತಿರುಗಿದ್ದಕ್ಕೆ ರೂಪಶ್ರೀಗೂ ನಾಚಿಕೆಯಾಯಿತು.

ಮೇಷ್ಟ್ರು ಬಗ್ಗಿ ತುದಿಯನ್ನು ಎತ್ತಿಕೊಂಡರು. ಪಂಚೆಯ ಅಂಚಿನಿಂದ ಹಿತ್ತಾಳೆಯನ್ನು ಒರೆಸಿ, ಬುಡದ ತುಂಡಿಗೆ ಸೇರಿಸಿದರು. ಅದು ಸಲೀಸಾಗಿ ಕೂತಿತು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವರ ಮುಖ ಹಗುರಾಗಿತ್ತು.

"ತಪ್ಪು ತಿಳ್ಕೊಂಡೆ ಚನ್ನಪ್ಪ, ಕ್ಷಮಿಸಿಬಿಡು. ರೇವಮ್ಮ, ದೊಡ್ಡ ಉಪಕಾರ ಮಾಡಿದ್ರಿ." ಕೈಮುಗಿದು, ಕೋಲು ಹಿಡಿದು ಕೋಣೆಯೊಳಗೆ ಹೋದರು. ಹಿಂದೆಯೇ ಹೋಗಿ ಬಾಗಿಲಿಗೆ ಅಡ್ಡ ಕೂತ ಶ್ರೀಗೌರಿಯನ್ನು ಎಷ್ಟು ದಿನ ಹಾಗೆ ಕೂರಬಹುದೆಂದು ಯಾರೂ ಕೇಳಲಿಲ್ಲ.

ಸುಬ್ಬಮ್ಮ ಗಂಡನ ತೋಳು ಹಿಡಿದುಕೊಂಡು ಅಳುತ್ತಿದ್ದಳು.

"ನಾನ್ಯಾಕಾದ್ರೂ ನಿನ್ ತಾವ ಬಂದ್ನವ್ವ," ಅಂದಳು ರೇವಮ್ಮನಿಗೆ. "ಇವ್ನು ಕಳ್ಳ ಅನ್ನುಸ್ಕಂಡೇ ಇದ್ಬುಟ್ಟಿದ್ರೆ ಆಗಿತ್ತು."