ಅಪ್ಪ ಹೊಡೆದುಹಾಕಿಸಿದ ಸಾಲು

"ನೀನಾ...? ಇಲ್ಲಿ ಕಾಲಿಡೋಕೆ ನಿನಗೆ ಮನಸ್ಸಾದರೂ ಹೇಗೆ ಬಂತು!"

ಎನ್ನುತ್ತ ದೋಣಿಮನೆಯ ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಒಳಗೆ ಬಿಚ್ಚಿದ ಎಂಜಿನ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನು ತಲೆ ಎತ್ತಿದ. ಅವನನ್ನು ನೋಡಿ ನಾಲ್ಕು ವರ್ಷ! ಕಿವಿಯ ಬಳಿ ಕೂದಲು ನರೆತಿತ್ತು.

"ನಿಮ್ಮಪ್ಪ ಕರೆಸಿದ್ರು. ದೋಣಿ ಮಾರೋ ಮುಂಚೆ ಎಂಜಿನ್ ಒಂದ್ಸಲ ನೋಡಿಕೊಡು ಅಂದ್ರು."

"ಅಪ್ಪಾನಾ? ಮಗನ್ನ ಕೊಂದೋನನ್ನ ಕರೆಸಿದ್ರಾ?"

ಅವನು ಸ್ಪ್ಯಾನರ್ ಕೈಗೆತ್ತಿಕೊಂಡ, ಅಷ್ಟೇ. ತಮ್ಮ ಸತ್ತ ದಿನವೂ ಹೀಗೇ ಬಾಯಿಗೆ ಬೀಗ ಹಾಕಿಕೊಂಡಿದ್ದ.

'ತಪ್ಪಾಯ್ತು ಅಂತಾದರೂ ಅನ್ನಬಾರದಾ...' ಹಳೆಯ ಫೋಟೋಗಳ ಪೆಟ್ಟಿಗೆ ಎತ್ತಿಕೊಂಡು ಅವಳು ಹೊರಟುಬಿಟ್ಟಳು.

ಕೆರೆ ವರ್ಷದಿಂದ ವರ್ಷಕ್ಕೆ ಬತ್ತುತ್ತಿತ್ತು. ದೋಣಿ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಜಾರುವವರ ಮೂವತ್ತೊಂದು ವರ್ಷದ ವಾಟರ್ ಸ್ಕೀ ಕ್ಲಬ್ ತಿಂಗಳ ಕೊನೆಗೆ ಮುಚ್ಚಲಿತ್ತು. ಅದನ್ನು ಕಟ್ಟಿದವರೇ ಅಪ್ಪ. ಬೀಗ ಬೀಳುವ ಮೊದಲು ಅದರ ಚರಿತ್ರೆಯಾದರೂ ಉಳಿಯಲಿ ಎಂದು ಆಸೆಪಟ್ಟರು. ಮಗಳು ಶಾಲೆಯ ಟೀಚರ್. ಬರೆಯುವ ಕೆಲಸ ಅವಳ ಪಾಲಿಗೇ ಬಂತು.

ಬರೆದಳು. ಬಡಗಿಯೊಬ್ಬ ಹಳೇ ಬಾಗಿಲ ಹಲಗೆ ಕೊಯ್ದು ಮಾಡಿಕೊಟ್ಟ ಮೊದಲ ಜೋಡಿ ಸ್ಕೀ... ಅದನ್ನು ಕಾಲಿಗೆ ಕಟ್ಟಿಕೊಂಡು ಹಗ್ಗ ಹಿಡಿದ ಅಪ್ಪ ಮೂರು ಎಣಿಸುವಷ್ಟರಲ್ಲಿ ಮಕಾಡೆ ಬಿದ್ದದ್ದು... ಎಲ್ಲರೂ 'ಬಾತು' ಎಂದು ಕರೆಯುತ್ತಿದ್ದ ತಮ್ಮ! ನೆಲದ ಮೇಲೆ ತಟ್ಟಾಡುತ್ತ ನಡೆಯುವವನು ನೀರಿನ ಮೇಲೆ ಹಕ್ಕಿಯಾಗುತ್ತಿದ್ದ.

ಆಮೇಲೆ ಆ ಬೇಸಿಗೆ. ಕ್ಲಬ್ಬಿನ ದೋಣಿ ಓಡಿಸುತ್ತಿದ್ದ ಅವನ ಜೊತೆಗೇ ಅವಳ ಮದುವೆ ಗೊತ್ತಾಗಿದ್ದ ಬೇಸಿಗೆ.

ಮಧ್ಯಾಹ್ನ ಅಪ್ಪನೆದುರು ಕೂತು ಆ ಪುಟ ಓದಿದಳು. "ಚಾಲಕನ ಅಜಾಗರೂಕತೆಯಿಂದ, ಹಗ್ಗ ಹಿಡಿದು ಬರುತ್ತಿದ್ದ ನಮ್ಮ ಹುಡುಗ ಮುಳುಗಿದ ಮರದ ಬೊಡ್ಡೆಗೆ ಬಡಿದು ತೀರಿಕೊಂಡ..."

"ಆ ಸಾಲು ಹೊಡೆದುಹಾಕು."

"ಯಾಕಪ್ಪಾ? ಸುಳ್ಳಾ?"

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು.

"ದೋಣಿ ತೆಗೆಯೋದು ಬೇಡ ಅಂತ ಅವನು ಅಂದಿದ್ದ ಕಣಮ್ಮಾ. ನೀರು ಇಳಿದಿದೆ, ಬೊಡ್ಡೆಗಳು ಮೇಲಕ್ಕೆ ಬಂದಿವೆ ಅಂತ ಮೂರು ಸಲ ಹೇಳಿದ. ನೋಡೋಕೆ ಜನ ಬಂದು ಕೂತಿದ್ರು... 'ಹೆದರುಪುಕ್ಕಲ, ಒಂದೇ ಒಂದು ಸುತ್ತು ಹೊಡಿ' ಅಂತ ಗದರಿದೆ. ನಾನು... ನಾನೇ!"

ಅವಳು ಹಾಳೆಗಳನ್ನು ಪಕ್ಕಕ್ಕಿಟ್ಟಳು.

"ನಾಲ್ಕು ವರ್ಷ ಸುಮ್ಮನಿದ್ರಾ ಅಪ್ಪಾ?"

"ನಿನ್ನ ಮುಖ ನೋಡಿದಾಗಲೆಲ್ಲ ಹೇಳಿಬಿಡೋಣ ಅನ್ಸೋದು. ನಾಲಿಗೆ ಏಳ್ತಿರಲಿಲ್ಲ."

ಅಪ್ಪನನ್ನು ಬಯ್ಯಲೂ ಆಗಲಿಲ್ಲ, ಸಮಾಧಾನ ಮಾಡಲೂ ಆಗಲಿಲ್ಲ. ಚಪ್ಪಲಿ ಮೆಟ್ಟುವುದನ್ನೂ ಮರೆತು ಕೆರೆಯ ಕಡೆ ಓಡಿದಳು.

ಅವನು ಎಂಜಿನ್ನಿಗೆ ಮುಚ್ಚಳ ಕೂರಿಸುತ್ತಿದ್ದ.

"ಯಾಕೆ ಹೇಳ್ಲಿಲ್ಲ?"

ಅವಳ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು.

"ನೀನು ತಮ್ಮನ್ನ ಕಳ್ಕೊಂಡಿದ್ದೆ. ಅಪ್ಪನ್ನೂ ನಿನ್ನಿಂದ ಕಿತ್ಕೊಳ್ಳಬೇಕಿತ್ತಾ?"

"ನಿನ್ನನ್ನೂ ಕಳ್ಕೊಂಡ್ನಲ್ಲ!"

"ನಾನು ನಿರಪರಾಧಿ ಅಂತ ಮಾತ್ರ ಬರೀಬೇಡ," ಎಂದ ಅವನು. "ಅವರು ಗದರಿದ್ರು, ನಿಜ. ಕೀ ತಿರುಗಿಸಿದ್ದು ನಾನು. ದೋಣಿ ಇಳಿದು ಹೋಗಬಹುದಿತ್ತು... ನೀನು ದಡದಲ್ಲಿ ನಿಂತು ನೋಡ್ತಿದ್ದೆ. ನಿನ್ನೆದುರು ಹೆದರುಪುಕ್ಕಲ ಆಗೋಕೆ ಮನಸ್ಸು ಬರಲಿಲ್ಲ."

ಹೌದು, ನಿಂತಿದ್ದಳು. ದೋಣಿ ಹೊರಟಾಗ ಚಪ್ಪಾಳೆ ತಟ್ಟಿದವರಲ್ಲಿ ಅವಳೂ ಒಬ್ಬಳು!

ಎಣ್ಣೆ ಮೆತ್ತಿದ ನೆಲದ ಮೇಲೇ ಕುಸಿದು ಕೂತಳು. ಅವನೂ ಪಕ್ಕದಲ್ಲಿ ಕೂತ. ತಮ್ಮ ಹೋದ ಮೇಲೆ ಮೊದಲ ಸಲ ಇಬ್ಬರೂ ಒಟ್ಟಿಗೆ ಅತ್ತರು.

"ನಾಲ್ಕು ವರ್ಷ ನಿನ್ನನ್ನ ದ್ವೇಷಿಸೋಕೆ ನೋಡಿದೆ," ಎಂದಳು ಅವಳು. "ಒಂದು ದಿನಾನೂ ಪೂರ್ತಿ ಆಗ್ಲಿಲ್ಲ."

"ನಾನು ನಿನ್ನ ಮರೆಯೋಕೆ ನೋಡಲೇ ಇಲ್ಲ."

ಅವಳು ಅವನ ತೋಳು ಹಿಡಿದಳು.

"ಮನೆಗೆ ಬಾ. ಅಪ್ಪ ಒಬ್ಬರೇ ಇದ್ದಾರೆ. ಅವರೆದುರು ಒಬ್ಬಳೇ ಕೂರೋಕೆ ನನ್ನಿಂದಾಗಲ್ಲ."

"ಬಂದು ಏನಂತ ಮಾತಾಡ್ಲಿ?"

"ಏನೂ ಬೇಡ. ನನ್ನ ಪಕ್ಕ ಇರು, ಸಾಕು."

"ಎಷ್ಟು ಹೊತ್ತು?"

"ಇನ್ನು... ಹೋಗಲೇಬೇಡ."