ಪೆಟ್ಟಿಗೆ ಬಿಟ್ಟುಹೋದ ಕಳ್ಳ

ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ, ಪಿಎಸ್‌ಐ ಸಂಪದಾ ಚಹಾಕ್ಕೆ ತುಟಿ ಹಚ್ಚುವಷ್ಟರಲ್ಲಿ ನಂದಕಿಶೋರ ದೂರು ಹಿಡಿದು ವಿಜಯಪುರದ ಠಾಣೆಗೆ ಬಂದ. ಅಥಣಿ ರಸ್ತೆಯಲ್ಲಿ ಅವನದು ಚಾಕು ಕಾರ್ಖಾನೆ. ಗಿಡಗಳಿಗೆ ಕಸಿ ಕಟ್ಟುವ ಚಾಕು ಮಾಡುವುದನ್ನು ನಿಲ್ಲಿಸಿದ ಮೇಲೆ, ಮೂಲೆಯಲ್ಲಿ ಉಳಿದಿದ್ದ ಅಲಗು, ಕೊಂಬಿನ ಹಿಡಿಕೆಗಳನ್ನು ಕೂಡಿಸಿ ಸಂಗ್ರಹದ ಹುಚ್ಚಿರುವವರಿಗೆಂದು ನಲವತ್ತೇ ಚಾಕು ಮಾಡಿಸಿದ್ದ. ಒಂದೊಂದಕ್ಕೂ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಸಂಖ್ಯೆ. ಅವುಗಳಲ್ಲಿ ಹನ್ನೆರಡು ಚಾಕು ಮಾಯವಾಗಿದ್ದವು.

"ಯಾರ ಮ್ಯಾಲ ಸಂಶಯ?"

"ಹಿಡಿಕಿ ಕೂಡಿಸೋ ಅಯೂಬನ ಮ್ಯಾಲ್ರಿ ಮೇಡಂ. ಕೀಲಿಕೈ ಅವನ ಕಡೇನ ಇತ್ತು. ಕೆಲಸದಿಂದ ತಗದೇನಿ."

ಎಫ್‌ಐಆರ್ ದಾಖಲಾಯಿತು. ಪಂಚರ ಜೊತೆ ಸ್ಥಳಕ್ಕೆ ಹೋದರೆ ಬೀಗ ಒಡೆದಿರಲಿಲ್ಲ. ಬಬಲೇಶ್ವರದಿಂದ ಕರೆಸಿದ್ದ ಅಯೂಬ ಗೋಡೆಗೆ ಒರಗಿ ನಿಂತಿದ್ದ.

"ಕೀಲಿಕೈ ಯಾರಿಗರ ಕೊಟ್ಟಿದ್ದೇನು?"

"ಇಲ್ರಿ. ಓಣಿ ಮಂದಿ ಆಗಲೇ ಕಳ್ಳ ಅನ್ನಾಕತ್ತಾರ್ರಿ. ಮಗಳು ಸೈಮಾ ಸಾಲಿಗೆ ಹೋಗಾಕ ಒಲ್ಲೆ ಅಂತಾಳ."

ಸಂಪದಾಳ ಕರುಳು ಚುರ್ ಎಂದಿತು. ಆದರೆ ಕರುಳಿನ ಮಾತನ್ನು ಪಂಚನಾಮೆಯಲ್ಲಿ ಬರೆಯಲು ಬರುವುದಿಲ್ಲವಲ್ಲ!

ಅಷ್ಟರಲ್ಲಿ ಪೇದೆ ಗುರುಬಾಯಿ ಖಾಲಿ ಪೆಟ್ಟಿಗೆಗಳನ್ನು ತೋರಿಸಿದಳು. "ಇವನ್ನ್ಯಾಕ ಬಿಟ್ಟ್ಹೋದ್ರಿ ಮೇಡಂ, ಆ ಮೂಳ?"

"ಪೆಟ್ಟಿಗಿ ಇಲ್ಲದ ಚಾಕು ಯಾರರ ಕೊಳ್ತಾರೇನು?" ಸಂಪದಾ ಕೇಳಿದಳು.

"ಛೇ! ಸಂಖ್ಯಾ ಇರೋದ ಅದರ ಮ್ಯಾಲ," ಎಂದ ನಂದಕಿಶೋರ.

ಎಳೆ ಕೈಗೆ ಸಿಕ್ಕಿತು. ಪೆಟ್ಟಿಗೆಯ ಬೆಲೆ ಅಯೂಬನಿಗೆ ಚೆನ್ನಾಗಿ ಗೊತ್ತು. ಅದನ್ನು ಬಿಟ್ಟುಹೋದವನಿಗೆ ಮಾರುವುದು ಬೇಕಿರಲಿಲ್ಲ, ಕೆಲಸ ಮಾಡುವುದು ಬೇಕಿತ್ತು. ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಕಸಿ ಕಟ್ಟುವ ಕಾಲವಿದು. ಮೇಲಾಗಿ ಮಹಾನವಮಿ ಬಂದಿತ್ತು. ಖಂಡೆ ಪೂಜೆಯ ದಿನ ದುಡಿಯುವವನು ತನ್ನ ಆಯುಧ ಮುಚ್ಚಿಡುವುದುಂಟೇ? ಕದ್ದದ್ದಾದರೂ ಆಯುಧ ಆಯುಧವೇ.

ತಿಕೋಟಾ ಠಾಣೆಗೆ ತಿಳಿಸಿ, ಪೂಜೆಯ ದಿನ ಸಂಪದಾ, ಗುರುಬಾಯಿ ಇಬ್ಬರೂ ತೋಟ ತೋಟ ಅಲೆದರು. ಎಲ್ಲಿ ಹೋದರೂ ಪ್ರಸಾದ, ಕಳ್ಳನ ಸುಳಿವಿಲ್ಲ. ಗುರುಬಾಯಿಗೆ ಹೊಟ್ಟೆ ಬಿರಿಯುವುದೊಂದು ಬಾಕಿ. ಕೊನೆಗೆ ಒಂದು ಶೆಡ್ಡಿನಲ್ಲಿ, ಕತ್ತರಿ ಕುಡುಗೋಲುಗಳ ನಡುವೆ, ಕುಂಕುಮ ಹಚ್ಚಿಸಿಕೊಂಡು ಮಲಗಿದ್ದವು ಕೊಂಬಿನ ಹಿಡಿಕೆಯ ಹನ್ನೆರಡೂ ಚಾಕು. ಸಂಪದಾಳಿಗೆ ಕುಣಿಯುವಷ್ಟು ಖುಷಿಯಾಯಿತು.

"ಪ್ರಸಾದ ತಗೋರಿ ಮೇಡಂ," ಎಂದು ತಟ್ಟೆ ಹಿಡಿದು ಬಂದ ಮುದುಕ ರಾಜಾರಾಮ. ಕಸಿ ಕಟ್ಟುವ ತಂಡದ ಮುಖ್ಯಸ್ಥ.

"ಕಾಕಾ, ಈ ಚಾಕು ಎಲ್ಲಿವು?"

"ನಾನ ಸಾಣಿ ಹಿಡದದ್ದು. ಮೊದಲ ಆ ಕಾರ್ಖಾನ್ಯಾಗ ಇದ್ದೆ."

"ಕೀಲಿಕೈ?"

"ಕೆಲಸ ಬಿಡಿಸಿದಾಗ ಯಾರೂ ಕೇಳಲಿಲ್ಲ. ನನ್ನ ಕಡೆನ ಉಳೀತು."

"ಕಳವು ಅಯೂಬನ ಮ್ಯಾಲ ಬಂದದ. ಅವನ ಕೆಲಸ ಹೋತು."

ಮುದುಕ ತಟ್ಟೆ ಕೆಳಗಿಟ್ಟ. "ಅಯೂಬನ ಕೆಲಸಾ? ಯಪ್ಪಾ! ನಡೀರಿ ಮೇಡಂ, ಮೊದಲ ಠಾಣೆಗೆ ನಡೀರಿ."

ಚಾಕುಗಳನ್ನು ಜಪ್ತಿ ಮಾಡಿ ರಾಜಾರಾಮನನ್ನು ಬಂಧಿಸಿದರು. ಅಷ್ಟಕ್ಕೇ ಸಂಪದಾ ಸುಮ್ಮನಾಗಲಿಲ್ಲ. ಅದೇ ಸಂಜೆ ನಂದಕಿಶೋರನನ್ನು ಬಬಲೇಶ್ವರಕ್ಕೆ ಕರೆದೊಯ್ದು ಅಯೂಬನ ಓಣಿಯ ನಡುವೆ ನಿಲ್ಲಿಸಿದಳು. "ಜೋರಾಗಿ ಹೇಳ್ರಿ." ಅವನು ಹೇಳಿದ: ತಪ್ಪು ನನ್ನದು, ಅಯೂಬ ಕಳ್ಳನಲ್ಲ, ನಾಳೆಯಿಂದ ಕೆಲಸಕ್ಕೆ ಬರಲಿ. ಸೈಮಾ ಕಟ್ಟೆ ಮೇಲೆ ನಿಂತು ಎಲ್ಲರ ಮುಖವನ್ನೂ ನೋಡಿದಳು. ಓಣಿಯೇ ತಲೆ ತಗ್ಗಿಸಿತು.

ರಾಜಾರಾಮ ತನ್ನ ಹೇಳಿಕೆಯಲ್ಲಿ, ಕಸಿ ಕಟ್ಟಲೆಂದು ಸಾಣೆ ಹಿಡಿದ ಅಲಗು ಗಾಜಿನಲ್ಲಿ ಸುಮ್ಮನೆ ಕೂತದ್ದನ್ನು ನೋಡಿ ತಡೆಯಲಾಗಲಿಲ್ಲ ಎಂದಿದ್ದ. ಆಮೇಲೆ, ಯಾರೂ ಕೇಳದೆಯೇ, "ಇದನ್ನೂ ಬರ್ಕೋರಿ, ಅವು ಕಟ್ಟಿದ ಕಸಿ ಒಂದೂ ಒಣಗಿಲ್ಲ," ಎಂದ.

ಪ್ರಕರಣಕ್ಕೆ ಬೇಡದ ಮಾತದು. ಸಂಪದಾ ಬರೆದುಕೊಂಡಳು.